ಒಂದೇ ಸಿನಿಮಾ, ಮೂರು ದೇಶದಲ್ಲಿ ಮೂರು ವಯಸ್ಸು: ಯಾವುದನ್ನು ನಂಬೋದು?

ಗುಬ್ಬಿಗೂಡು:
ಎಲ್ಲರಿಗೂ ನಮಸ್ಕಾರ. ಸಿನಿಮಾ, ಗೇಮ್ ಬಗ್ಗೆ ತಿಳಿದವರು ಇಲ್ಲಿ ಜಾಸ್ತಿ ಇದ್ದೀರಿ, ಅದಕ್ಕೇ ಕೇಳುತ್ತಿದ್ದೇನೆ.

ನನ್ನ ಮಗನಿಗೆ 12 ವರ್ಷ. ಮಾತಾಡುವಾಗ ಉಗ್ಗುತ್ತಾನೆ. ಅವನಿಗೆ ಸ್ಪೀಚ್ ಥೆರಪಿ ಕೊಡುವವರು 'ದಿ ಕಿಂಗ್ಸ್ ಸ್ಪೀಚ್' ಸಿನಿಮಾ ತೋರಿಸಿ ಎಂದರು. ಬ್ರಿಟನ್ನಿನ ರಾಜ ಆರನೇ ಜಾರ್ಜ್‌ಗೂ ಉಗ್ಗು ಇತ್ತಲ್ಲ, ಅದರ ಕತೆ. ತೋರಿಸುವ ಮೊದಲು ಎಷ್ಟು ವಯಸ್ಸಿನವರಿಗೆ ಅಂತ ನೋಡೋಣ ಎಂದು ಹುಡುಕಿದೆ. ಅಲ್ಲಿಂದ ತಲೆ ಕೆಟ್ಟಿದೆ. ಅಮೆರಿಕದಲ್ಲಿ ಇದಕ್ಕೆ 'ಆರ್', ಅಂದರೆ 17ರ ಒಳಗಿನವರಿಗೆ ಅಡ್ಡಿ. ಬ್ರಿಟನ್ನಿನಲ್ಲಿ '12ಎ'. ಫ್ರಾನ್ಸಿನಲ್ಲಿ ಯಾರು ಬೇಕಾದರೂ ನೋಡಬಹುದು!

ಮಕ್ಕಳು ಎಲ್ಲ ಕಡೆಯೂ ಮಕ್ಕಳೇ ಅಲ್ವಾ? ಸಿನಿಮಾ ಕೂಡ ಅದೇ. ಹಾಗಾದರೆ ಇಷ್ಟು ವ್ಯತ್ಯಾಸ ಎಲ್ಲಿಂದ ಬಂತು? ನಾನು ಯಾವುದನ್ನು ನಂಬಲಿ?

ಹಳೇರೀಲು:
ನೀವು ಆರಿಸಿಕೊಂಡ ಉದಾಹರಣೆ ಭಲೇ ಇದೆ ಮೇಡಂ. ಈ ವಿಷಯ ಮಾತಾಡುವಾಗ ನಾನೂ ಇದೇ ಸಿನಿಮಾ ಎತ್ತಿಕೊಳ್ಳುತ್ತೇನೆ.

ಅದರಲ್ಲಿ ರಕ್ತ ಇಲ್ಲ, ಬೆತ್ತಲೆ ಇಲ್ಲ. ಇರುವುದು ಬೈಗುಳ. ಬೈಯುವಾಗ ರಾಜ ಉಗ್ಗುವುದಿಲ್ಲ ಎಂದು ಚಿಕಿತ್ಸೆ ಕೊಡುವವನು ಕಂಡುಕೊಳ್ಳುತ್ತಾನೆ. 'ಬೈಯಿರಿ ನೋಡೋಣ' ಎಂದು ಹುರಿದುಂಬಿಸುತ್ತಾನೆ. ರಾಜ ಒಂದೇ ಉಸಿರಿಗೆ ಕೆಟ್ಟ ಮಾತುಗಳ ಸರಮಾಲೆಯನ್ನೇ ಬಿಡುತ್ತಾನೆ. ಅಷ್ಟೇ ಕತೆ.

ಅಮೆರಿಕದ ರೇಟಿಂಗ್ ಮಂಡಳಿಯವರು ಇಂಥ ಕಡೆ ಎಣಿಸುತ್ತಾರೆ. ತೀರಾ ಕೆಟ್ಟದ್ದೆಂದು ಅವರು ಗುರುತಿಸಿರುವ ಪದವೊಂದು ಒಮ್ಮೆ ಬಂದರೆ ಪಿಜಿ-13, ಅಂದರೆ 13ರ ಒಳಗಿನ ಮಕ್ಕಳ ಅಪ್ಪ ಅಮ್ಮಂದಿರಿಗೆ ಎಚ್ಚರಿಕೆ. ಅದಕ್ಕಿಂತ ಹೆಚ್ಚು ಸಲ ಬಂದರೆ ಸಾಮಾನ್ಯವಾಗಿ ಆರ್. ಮಂಡಳಿಯ ಮೂರರಲ್ಲಿ ಎರಡು ಪಾಲು ಜನ ಒಪ್ಪಿದರೆ ಮಾತ್ರ ವಿನಾಯಿತಿ. ಯಾರು ಯಾರಿಗೆ ಬೈದರು, ಯಾಕೆ ಬೈದರು ಅನ್ನುವುದಕ್ಕಿಂತ ಎಷ್ಟು ಸಲ ಎನ್ನುವುದೇ ಅಲ್ಲಿ ತೂಕದ ಮಾತು.

ಬ್ರಿಟನ್ನಿನ ರೇಟಿಂಗ್ ಮಂಡಳಿ ಬಿಬಿಎಫ್‌ಸಿ ಕೂಡ ಮೊದಲು 15 ಎಂದೇ ಹೇಳಿತ್ತು. ವಿತರಕರು ಮೇಲ್ಮನವಿ ಹಾಕಿದರು. ಬೈಗುಳ ಇರುವುದು ಚಿಕಿತ್ಸೆಯ ಸಂದರ್ಭದಲ್ಲಿ, ಯಾರನ್ನೂ ನೋಯಿಸಲು ಅಲ್ಲ ಎಂದು ಒಪ್ಪಿಕೊಂಡು 12ಎಗೆ ಇಳಿಸಿದರು. 2011ರಲ್ಲಿ ಅಮೆರಿಕದಲ್ಲಿ ಅದೇ ಸಿನಿಮಾದ ಇನ್ನೊಂದು ಪ್ರತಿ ಬಂತು. ಕೆಲವು ಬೈಗುಳಗಳ ಸದ್ದು ಅಡಗಿಸಿದ್ದರು. ಅದಕ್ಕೆ ಪಿಜಿ-13 ಸಿಕ್ಕಿತು. ಬೈದು ಗುಣವಾಗುವ ಸಿನಿಮಾದಲ್ಲಿ ಬೈಗುಳದ ಬಾಯಿ ಮುಚ್ಚಿಸಿದರು!

ಇನ್ನೊಂದು ಮಾತು. ಆರ್ ಅಂದರೆ ಮಕ್ಕಳಿಗೆ ಬಾಗಿಲು ಪೂರಾ ಮುಚ್ಚಿದೆ ಎಂದಲ್ಲ. 17ರ ಒಳಗಿನವರು ಅಪ್ಪ ಅಮ್ಮನ ಜೊತೆ ಹೋಗಬಹುದು. ಪೂರಾ ಮುಚ್ಚುವುದು ಎನ್‌ಸಿ-17. 1990ರವರೆಗೆ ಅದರ ಜಾಗದಲ್ಲಿ 'ಎಕ್ಸ್' ಇತ್ತು.

ತರಲೆತಮ್ಮ:
ಅಂದರೆ ಅಮೆರಿಕದಲ್ಲಿ ಇಡೀ ಊರನ್ನು ಬಾಂಬ್ ಹಾಕಿ ಉಡಾಯಿಸಿದರೆ 13, ಉಡಾಯಿಸುವಾಗ ಎರಡು ಸಲ ಬೈದರೆ 17. ಬಾಂಬ್ ಹಾಕುವವರು ದಯವಿಟ್ಟು ಬಾಯಿ ಬಿಗಿ ಹಿಡಿದುಕೊಳ್ಳಿ.

ಕೀಲಿಮಣೆ:
ತಮಾಷೆ ಅನ್ನಿಸಿದರೂ ತರಲೆತಮ್ಮ ಹೇಳಿದ್ದರಲ್ಲಿ ಹುರುಳಿದೆ. ಪ್ರತಿ ದೇಶಕ್ಕೂ ಒಂದೊಂದು ಹೆದರಿಕೆ. ಅಮೆರಿಕಕ್ಕೆ ಬೈಗುಳ ಮತ್ತು ಬೆತ್ತಲೆ ಮೈ. ಹೊಡೆದಾಟಕ್ಕೆ ಅಷ್ಟಾಗಿ ಅಂಜುವುದಿಲ್ಲ. ಯುರೋಪಿನ ಹಲವು ದೇಶಗಳಲ್ಲಿ ಇದು ತಿರುವುಮುರುವು. 'ಅಮೆಲಿ' ಎಂಬ ಫ್ರೆಂಚ್ ಸಿನಿಮಾ ತಗೊಳ್ಳಿ. ಫ್ರಾನ್ಸಿನಲ್ಲಿ ಎಲ್ಲರಿಗೂ, ಬ್ರಿಟನ್ನಿನಲ್ಲಿ 15, ಅಮೆರಿಕದಲ್ಲಿ ಆರ್. ನಗುತ್ತಾ ನೋಡುವ ಸಿನಿಮಾ ಅದು. ನಡುವೆ ಕೆಲವು ಕ್ಷಣ ಹಾಸಿಗೆಯ ದೃಶ್ಯ ಇದೆ, ಅದಕ್ಕೇ ಈ ಫಜೀತಿ.

ನನಗೆ ಕುತೂಹಲ ಅನ್ನಿಸಿದ್ದು ಸ್ವೀಡನ್. ಅವರ ತಕರಾರು ಬೈಗುಳವೂ ಅಲ್ಲ, ಬೆತ್ತಲೆಯೂ ಅಲ್ಲ. ಮಗು ಹೆದರುತ್ತದಾ, ಅದರ ಮನಸ್ಸು ಕಲಕುತ್ತದಾ? ಅದನ್ನು ನೋಡುತ್ತಾರೆ. 1982ರಲ್ಲಿ ಬೇರೆ ಗ್ರಹದ ಜೀವಿಯೊಂದು ಮಕ್ಕಳ ಗೆಳೆಯನಾಗುವ 'ಇ.ಟಿ.' ಸಿನಿಮಾ ಬಂದಾಗ ಅಲ್ಲಿ 11ರ ಒಳಗಿನವರಿಗೆ ಪ್ರವೇಶ ಇರಲಿಲ್ಲ. ಜಗತ್ತಿನ ಮಕ್ಕಳೆಲ್ಲ ನೋಡಿ ಅತ್ತ ಸಿನಿಮಾ ಅದು! ದೊಡ್ಡವರನ್ನು ಮಕ್ಕಳ ಶತ್ರುಗಳ ಹಾಗೆ ತೋರಿಸಿದ್ದಾರೆ ಎಂಬುದು ಆಗ ಕೇಳಿಬಂದ ದೂರು. ನಗಬಹುದು. ಆದರೆ ಆರು ವರ್ಷದ ಮಗುವಿನ ಜೊತೆ ಕೂತು ನೋಡಿ, ಆ ಬಿಳಿ ಉಡುಪಿನವರು ಮನೆಗೆ ನುಗ್ಗುವಾಗ ಅದು ನಿಮ್ಮ ತೋಳನ್ನು ಹೇಗೆ ಹಿಡಿಯುತ್ತದೆ ಅಂತ.

ಈಗ ಸ್ವೀಡನ್ನಿನಲ್ಲಿ ಎಲ್ಲಕ್ಕಿಂತ ಮೇಲಿನ ವಯಸ್ಸು 15. ಅದರಾಚೆ ಮೆಟ್ಟಿಲೇ ಇಲ್ಲ. ದೊಡ್ಡವರ ಸಿನಿಮಾ ನೋಡಿ ಕತ್ತರಿಸುವ ಕೆಲಸವನ್ನು ಸರ್ಕಾರ 1911ರಲ್ಲಿ ಶುರು ಮಾಡಿತ್ತು. 100 ವರ್ಷ ನಡೆಸಿ 2011ರಲ್ಲಿ ನಿಲ್ಲಿಸಿತು. ಮಕ್ಕಳ ಯೋಗಕ್ಷೇಮ ಮಾತ್ರ ನಮ್ಮ ಕೆಲಸ, ಉಳಿದದ್ದು ನಿಮಗೆ ಬಿಟ್ಟದ್ದು ಎಂಬ ಲೆಕ್ಕ. ಇತ್ತ ಸಿಂಗಾಪುರದಲ್ಲಿ ಆರ್21 ಎಂಬ ವರ್ಗ ಇದೆ. 20 ವರ್ಷದವನೂ ಅಲ್ಲಿ ಬಾಗಿಲ ಹೊರಗೇ.

ನೇರನುಡಿ:
ಇದೆಲ್ಲ ಕೇಳಲು ಚಂದ. ನನಗಂತೂ ಇದು ಮಕ್ಕಳನ್ನು ಹೇಗೆ ಬೇಕೋ ಹಾಗೆ ಬಿಡಲು ಹುಡುಕಿದ ನೆಪ ಅನ್ನಿಸುತ್ತದೆ. ಒಂದು ಗಟ್ಟಿ ಸಂಖ್ಯೆ, ಅದಕ್ಕೊಂದು ಕಾನೂನು, ಮುರಿದರೆ ದಂಡ. ಇಷ್ಟಿದ್ದರೆ ಸಾಕು. ಎಲ್ಲ ದೇಶಕ್ಕೂ ಒಂದೇ ಅಳತೆ ಮಾಡಿದರೆ ಗುಬ್ಬಿಗೂಡು ಅವರ ತಲೆನೋವೂ ಹೋಗುತ್ತದೆ. ಚೀನಾ ನೋಡಿ, ಎಷ್ಟು ಬಿಗಿ ರೇಟಿಂಗ್ ಇಟ್ಟಿದ್ದಾರೆ.

ಹಳೇರೀಲು:
ಚೀನಾದ್ದು ತಪ್ಪು ಮಾಹಿತಿ ಸರ್. ಅಲ್ಲಿ ಸಿನಿಮಾಗೆ ವಯಸ್ಸಿನ ವರ್ಗ ಅಂತಲೇ ಇಲ್ಲ. ಪರದೆಗೆ ಬರುವ ಸಿನಿಮಾ ಎಲ್ಲರೂ ನೋಡುವಂತಿರಬೇಕು, ಇಲ್ಲದಿದ್ದರೆ ಕತ್ತರಿ, ಅದೂ ಆಗದಿದ್ದರೆ ಬಿಡುಗಡೆಯೇ ಇಲ್ಲ. ಬಿಗಿ ಇದೆ, ರೇಟಿಂಗ್ ಇಲ್ಲ.

ರೇಟಿಂಗ್ ಹುಟ್ಟಿದ್ದೇ ಕತ್ತರಿಗೆ ಬದಲಾಗಿ. ಅಮೆರಿಕದಲ್ಲಿ ದಶಕಗಳ ಕಾಲ ಹೇಯ್ಸ್ ಕೋಡ್ ಎಂಬ ಕಟ್ಟುಪಾಡು ಇತ್ತು. ಏನು ತೋರಿಸಬಾರದು ಅನ್ನುವ ಪಟ್ಟಿ ಅದು, ಮಕ್ಕಳಿಗೂ ಮುದುಕರಿಗೂ ಒಂದೇ. 1968ರಲ್ಲಿ ಅದನ್ನು ಕೈಬಿಟ್ಟು ವಯಸ್ಸಿನ ರೇಟಿಂಗ್ ತಂದರು. 'ತೋರಿಸು, ಆದರೆ ಯಾರಿಗೆ ಅಂತ ಹೇಳು' ಎನ್ನುವುದು ಹೊಸ ಒಪ್ಪಂದ. 1984ರಲ್ಲಿ ಪಿಜಿ-13 ಸೇರಿತು. ಆ ವರ್ಷ ಪಿಜಿ (ಅಪ್ಪ ಅಮ್ಮನ ಮಾರ್ಗದರ್ಶನ ಇರಲಿ ಎಂಬ ಸಲಹೆ) ಪಡೆದ ಎರಡು ಸಿನಿಮಾ ನೋಡಿ ಮಕ್ಕಳು ಹೆದರಿದ್ದರು, ಅಪ್ಪ ಅಮ್ಮಂದಿರು ಗಲಾಟೆ ಮಾಡಿದ್ದರು. ಅದರಲ್ಲಿ ಒಂದನ್ನು ನಿರ್ದೇಶಿಸಿ ಇನ್ನೊಂದರ ನಿರ್ಮಾಣದಲ್ಲೂ ಇದ್ದ ಸ್ಪೀಲ್‌ಬರ್ಗ್ ಅವರೇ 'ನಡುವೆ ಒಂದು ಮೆಟ್ಟಿಲು ಬೇಕು' ಎಂದು ಸಲಹೆ ಕೊಟ್ಟರು.

ಕಾನೂನಿನ ವಿಷಯ: ಅಮೆರಿಕದ ಸಿನಿಮಾ ರೇಟಿಂಗ್ ಉದ್ಯಮ ತಾನೇ ಮಾಡಿಕೊಂಡದ್ದು. ಆರ್ ಸಿನಿಮಾಗೆ ಹುಡುಗನನ್ನು ಒಳಗೆ ಬಿಟ್ಟರೆ ಪೊಲೀಸರು ಬರುವುದಿಲ್ಲ. ಕ್ಯಾಲಿಫೋರ್ನಿಯಾ ರಾಜ್ಯ ಹಿಂಸೆಯ ವಿಡಿಯೋ ಗೇಮ್‌ಗಳನ್ನು ಮಕ್ಕಳಿಗೆ ಮಾರಬಾರದು ಎಂದು ಕಾನೂನು ಮಾಡಿತ್ತು. 2011ರಲ್ಲಿ ಸುಪ್ರೀಂ ಕೋರ್ಟ್ ಅದನ್ನು ತಳ್ಳಿಹಾಕಿತು. ಗೇಮ್ ಕೂಡ ಪುಸ್ತಕದಂತೆ ವಾಕ್ ಸ್ವಾತಂತ್ರ್ಯದೊಳಗೆ ಬರುತ್ತದೆ ಎಂದಿತು. ನೀವು ಕೇಳುವ 'ದಂಡ' ಅಲ್ಲಿ ನಿಲ್ಲುವುದೇ ಇಲ್ಲ.

ನೇರನುಡಿ:
ಚೀನಾ ಬಗ್ಗೆ ತಿದ್ದಿದ್ದಕ್ಕೆ ಥ್ಯಾಂಕ್ಸ್. ಕಾನೂನು ಬೇಕು ಎಂಬ ಮಾತಿನಲ್ಲಿ ಬದಲಾವಣೆ ಇಲ್ಲ. ಬ್ರಿಟನ್ನಿನಲ್ಲಿ ಇದೆ ತಾನೇ?

ಸಾಲುದೀಪ:
ಇದೆ. ಆದರೆ ಸ್ವಲ್ಪ ತಮಾಷೆಯಾಗಿದೆ. ನಾನು ಗ್ರಂಥಾಲಯದಲ್ಲಿ ಮಕ್ಕಳ ವಿಭಾಗ ನೋಡಿಕೊಳ್ಳುತ್ತೇನೆ. ಡಿವಿಡಿಗಳ ಮೇಲಿನ ಚಿಹ್ನೆ ನೋಡಿ ನೋಡಿ ಇದು ತಲೆಗೆ ಹತ್ತಿದೆ.

ಬಿಬಿಎಫ್‌ಸಿ ಹುಟ್ಟಿದ್ದು 1912ರಲ್ಲಿ. ಸರ್ಕಾರ ಕಟ್ಟಿದ್ದಲ್ಲ, ಸಿನಿಮಾದವರೇ ಕಟ್ಟಿದ್ದು. ಥಿಯೇಟರ್‌ಗಳ ಮಟ್ಟಿಗೆ ಕೊನೆಯ ಮಾತು ಇವತ್ತಿಗೂ ಸ್ಥಳೀಯ ಕೌನ್ಸಿಲ್‌ಗಳದ್ದು. ಬಿಬಿಎಫ್‌ಸಿ ಹೇಳಿದ್ದನ್ನು ಅವು ಬದಲಾಯಿಸಬಹುದು. 2002ರಲ್ಲಿ 'ಸ್ಪೈಡರ್‌ಮ್ಯಾನ್'ಗೆ 12 ಸಿಕ್ಕಿತು. ಆಗ 12 ಅಂದರೆ ಅದಕ್ಕಿಂತ ಚಿಕ್ಕವರು ಅಮ್ಮನ ಕೈ ಹಿಡಿದು ಬಂದರೂ ಒಳಗೆ ಬಿಡುತ್ತಿರಲಿಲ್ಲ. ಆ ಗೊಂಬೆ ಹಿಡಿದು ಓಡಾಡುವ ಏಳೆಂಟು ವರ್ಷದ ಮಕ್ಕಳೆಲ್ಲ ಹೊರಗೆ! ಕೆಲವು ಕೌನ್ಸಿಲ್‌ಗಳು 'ನಮ್ಮಲ್ಲಿ ದೊಡ್ಡವರ ಜೊತೆ ಬಿಡುತ್ತೇವೆ' ಎಂದವು. ಅದೇ ವರ್ಷ 12ಎ ಬಂತು. ದೊಡ್ಡವರೊಬ್ಬರು ಜೊತೆಗಿದ್ದರೆ ಚಿಕ್ಕವರಿಗೂ ಪ್ರವೇಶ. 15 ಮತ್ತು 18ಕ್ಕೆ ಮಾತ್ರ ಈ ಸಡಿಲಿಕೆ ಇಲ್ಲ, ಯಾರ ಜೊತೆ ಬಂದರೂ ಅಷ್ಟೇ.

ಇನ್ನು ಡಿಸ್ಕ್. 12ಎ ಚಿಹ್ನೆ ಇರುವುದು ಥಿಯೇಟರ್‌ಗೆ ಮಾತ್ರ. ಅದೇ ಸಿನಿಮಾ ಡಿಸ್ಕ್ ಆಗಿ ಬಂದಾಗ ಬರೀ 12. ಅದನ್ನು 12ರ ಒಳಗಿನವರಿಗೆ ಮಾರುವುದು, ಬಾಡಿಗೆಗೆ ಕೊಡುವುದು ಅಪರಾಧ. 1984ರ ಒಂದು ಕಾಯ್ದೆ ಇದರ ಹಿಂದಿದೆ.

ಗುಬ್ಬಿಗೂಡು:
ಸ್ವಲ್ಪ ತಡೆಯಿರಿ, ನನಗೆ ಒಂದು ವಿಷಯ ಹೊಳೆಯುತ್ತಿದೆ. ಕೆಲವು ಕಡೆ ಸಂಖ್ಯೆ ಬಾಗಿಲು. ಕೆಲವು ಕಡೆ ಸಂಖ್ಯೆ ಸಲಹೆ. ಎರಡನ್ನೂ ಒಂದೇ ಥರ ಬರೆಯುತ್ತಾರೆ. ನಾನು ಸುಮ್ನೆ 12, 15, 17 ಅಂತ ಪಕ್ಕಪಕ್ಕ ಇಟ್ಟು ಯಾವುದು ದೊಡ್ಡದು ಎಂದು ನೋಡುತ್ತಿದ್ದೆ. ಕಿಲೋವನ್ನೂ ಮೈಲಿಯನ್ನೂ ಕೂಡಿದ ಹಾಗಾಯ್ತು. ಸರಿ ತಾನೇ?

ಕೀಲಿಮಣೆ:
ಅದೇ ಅಕ್ಕಾ, ಸರಿಯಾಗಿ ಹಿಡಿದಿರಿ. 12 ಒಂದನ್ನೇ ತಗೊಂಡು ನೋಡಿ. ಫ್ರಾನ್ಸಿನ ಥಿಯೇಟರ್‌ನಲ್ಲಿ 12 ಎಂದರೆ ಅದಕ್ಕಿಂತ ಚಿಕ್ಕವರಿಗೆ ಇಲ್ಲ, ಅಪ್ಪ ಅಮ್ಮ ಜೊತೆಗಿದ್ದರೂ ಇಲ್ಲ. ಜರ್ಮನಿಯಲ್ಲಿ 12 ಎಂದರೆ 6 ತುಂಬಿದ ಮಗು ಅಪ್ಪ ಅಮ್ಮನ ಜೊತೆ ಬರಬಹುದು. ಬ್ರಿಟನ್ನಿನ 12ಎನಲ್ಲಿ ಜೊತೆಗೊಬ್ಬ ದೊಡ್ಡವರಿದ್ದರೆ ಕೆಳಮಿತಿಯೇ ಇಲ್ಲ. ನೆದರ್‌ಲ್ಯಾಂಡ್ಸ್‌ನಲ್ಲಿ 12 ಬರೀ ಸಲಹೆ, ಕಾನೂನು ಶುರುವಾಗುವುದು 16ರಿಂದ. ಡೆನ್ಮಾರ್ಕ್‌ನಲ್ಲಂತೂ 7 ತುಂಬಿದ ಮಗು ದೊಡ್ಡವರ ಜೊತೆ ಯಾವ ಸಿನಿಮಾಗೆ ಬೇಕಾದರೂ ಹೋಗಬಹುದು.

ಅದಕ್ಕೇ ಫ್ರಾನ್ಸ್ ಇಷ್ಟು ಸಡಿಲ ಕಾಣುವುದು ಅಂತ ನನ್ನ ಊಹೆ. ಅವರ 12 ಗಟ್ಟಿ ಬಾಗಿಲು. ಬೇಕಾಬಿಟ್ಟಿ ಹಾಕಿದರೆ ಒಂದು ಸಿನಿಮಾದ ಪ್ರೇಕ್ಷಕರೇ ಹೋಗುತ್ತಾರೆ. ಹಾಗಾಗಿ ಕೈ ಹಿಡಿದು ಹಾಕುತ್ತಾರೆ. ಬೀಗ ಗಟ್ಟಿ ಇದ್ದಷ್ಟೂ ಅದನ್ನು ಕಡಿಮೆ ಹಾಕುತ್ತೇವೆ ಅಲ್ವಾ?

ನೇರನುಡಿ:
ಊಹೆ ಚೆನ್ನಾಗಿದೆ. ಸಿಂಗಾಪುರದಲ್ಲಿ ಬೀಗವೂ ಗಟ್ಟಿ, ಧಾರಾಳವಾಗಿ ಹಾಕುತ್ತಾರೆ. ಅದಕ್ಕೇನಂತೀರಿ?

ಕೀಲಿಮಣೆ:
ಅದು ಹೌದು. ನನ್ನ ಊಹೆಗೆ ಅಲ್ಲೊಂದು ತೂತಿದೆ.

ಬೆಳದಿಂಗಳು:
ಭಾರತದ ಬಗ್ಗೆ ಯಾರೂ ಹೇಳಲಿಲ್ಲ. 1952ರ ಕಾಯ್ದೆಯಲ್ಲಿ ಯು ಮತ್ತು ಎ ಎರಡೇ ಇದ್ದವು. 1983ರಲ್ಲಿ ಯುಎ ಬಂತು. ಡಾಕ್ಟರು, ವಿಜ್ಞಾನಿಗಳಂಥ ವೃತ್ತಿಯವರಿಗೆ ಮಾತ್ರ ಎನ್ನುವ 'ಎಸ್' ಕೂಡ ಆಗಲೇ ಬಂತು, ಅದನ್ನು ನೋಡಿದವರು ಅಪರೂಪ. ಯುಎ ಅಂದರೆ 12ರ ಒಳಗಿನವರು ದೊಡ್ಡವರ ಮಾರ್ಗದರ್ಶನದಲ್ಲಿ ನೋಡಲಿ ಎಂದು. ಐದು ವರ್ಷದ ಮಗುವಿಗೂ ಹನ್ನೊಂದರ ಹುಡುಗಿಗೂ ಅದೇ ಒಂದು ಮೊಹರು. ಈಗ 2023ರ ತಿದ್ದುಪಡಿ, 2024ರ ನಿಯಮಗಳು ಬಂದ ಮೇಲೆ ಅದು ಯುಎ 7+, ಯುಎ 13+, ಯುಎ 16+ ಎಂದು ಮೂರಾಗಿದೆ. ಒಟಿಟಿಗೆ ಇಂಥದ್ದೇ ವರ್ಗೀಕರಣ 2021ರಿಂದಲೇ ಇತ್ತು.

ಗಮನಿಸಿ: ಈ ಮೂರು ಸಂಖ್ಯೆಗಳೂ ಅಪ್ಪ ಅಮ್ಮಂದಿರಿಗೆ ಸಲಹೆ. ಥಿಯೇಟರಿನವರು ತಡೆಯಬೇಕಾದ್ದು 'ಎ'ಗೆ ಮಾತ್ರ. ಗುಬ್ಬಿಗೂಡು ಅವರ ಬಾಗಿಲು-ಸಲಹೆ ಲೆಕ್ಕದಲ್ಲಿ ಇಲ್ಲಿ ಬಾಗಿಲು ಒಂದೇ.

ಹಳೇರೀಲು:
ಒಂದು ಸೇರಿಸುತ್ತೇನೆ. ಕತ್ತರಿ ಮತ್ತು ರೇಟಿಂಗ್ ಎರಡೂ ಒಂದೇ ಮೇಜಿನ ಮೇಲಿರುವ ವ್ಯವಸ್ಥೆ ಇದು. ಇಂಥ ದೃಶ್ಯ ತೆಗೆದರೆ ಯುಎ, ಬಿಟ್ಟರೆ ಎ ಎಂಬ ಚೌಕಾಸಿ ನಡೆಯುತ್ತದೆ. ಎ ಸಿಕ್ಕ ಸಿನಿಮಾವನ್ನು ಹಾಗೆಯೇ ಟಿವಿಗೆ ಹಾಕುವಂತಿಲ್ಲ. ಹಾಗಾಗಿ ಬೋರ್ಡ್ ಬಲವಂತ ಮಾಡದಿದ್ದರೂ ನಿರ್ಮಾಪಕರೇ ಕತ್ತರಿ ಹಿಡಿಯುತ್ತಾರೆ. ಅಮೆರಿಕದಲ್ಲೂ ಎನ್‌ಸಿ-17 ತಪ್ಪಿಸಿಕೊಳ್ಳಲು ಹೀಗೇ ಮಾಡುತ್ತಾರೆ, ಸರ್ಕಾರ ಇಲ್ಲದೆಯೇ.

ಪಿಕ್ಸೆಲ್‌ಪುಟ್ಟ:
ಗೇಮ್ ಕಡೆಯಿಂದ ಒಂದು ಅನುಭವ. ನಾವು ಮೂವರು ಸೇರಿ ಮೊಬೈಲ್‌ಗೆ ಒಂದು ಸಣ್ಣ ಗೇಮ್ ಮಾಡಿದ್ದೆವು. ಗೇಮ್‌ಗಳದ್ದು ಸಿನಿಮಾ ಥರ ಅಲ್ಲ. ದಿನಕ್ಕೆ ಸಾವಿರಾರು ಬರುತ್ತವೆ, ಯಾರೂ ಕೂತು ಆಡಿ ನೋಡಲು ಆಗುವುದಿಲ್ಲ. ಅದಕ್ಕೆ ಐಎಆರ್‌ಸಿ ಎಂಬ ವ್ಯವಸ್ಥೆ ಇದೆ. ಆಪ್ ಅಂಗಡಿಗೆ ಹಾಕುವಾಗ ಒಂದು ಪ್ರಶ್ನಾವಳಿ ಬರುತ್ತದೆ. ರಕ್ತ ಕಾಣುತ್ತದಾ? ಬೈಗುಳ ಇದೆಯಾ? ಜೂಜು ಇದೆಯಾ? ಹೌದು, ಇಲ್ಲ ಎಂದು ಒತ್ತುತ್ತಾ ಹೋಗಬೇಕು. ಕೊನೆಗೆ ಒಂದೇ ಉತ್ತರಕ್ಕೆ ಅಮೆರಿಕದ ಇಎಸ್‌ಆರ್‌ಬಿ, ಯುರೋಪಿನ ಪೆಗಿ, ಜರ್ಮನಿಯ ಯುಎಸ್‌ಕೆ, ಬ್ರೆಜಿಲ್, ಆಸ್ಟ್ರೇಲಿಯಾ ಎಲ್ಲದರ ರೇಟಿಂಗ್ ಬೇರೆಬೇರೆಯಾಗಿ ಉದುರುತ್ತದೆ.

ನಮ್ಮ ಗೇಮ್‌ನಲ್ಲಿ ಬಹುಮಾನಕ್ಕೆ ಅಂತ ಕ್ಯಾಸಿನೋ ಥರದ ಒಂದು ಸ್ಲಾಟ್ ಮಷೀನ್ ಇಟ್ಟಿದ್ದೆವು. ನಿಜವಾದ ದುಡ್ಡಿಲ್ಲ, ಬರೀ ಆಟದ ನಾಣ್ಯ. ಅಮೆರಿಕಕ್ಕೆ 'ಟೀನ್' ಬಂತು, ಅಂದರೆ 13. ಪೆಗಿಯಲ್ಲಿ 18! ನಾವು ಎಲ್ಲೋ ತಪ್ಪು ಗುಂಡಿ ಒತ್ತಿದ್ದೇವೆ ಎಂದುಕೊಂಡು ಎರಡು ಸಲ ತುಂಬಿದೆವು. ತಪ್ಪಲ್ಲ. ಜೂಜು ಕಲಿಸುವಂಥದ್ದು ಇದ್ದರೆ ಹೊಸ ಗೇಮ್‌ಗೆ ಪೆಗಿ 2020ರಿಂದ 18 ಕೊಡುತ್ತಿದೆ. ಆಸ್ಟ್ರೇಲಿಯಾದಲ್ಲೂ 2024ರ ಸೆಪ್ಟೆಂಬರ್‌ನಿಂದ ಅನುಕರಣೆಯ ಜೂಜಿಗೆ ಆರ್18+. ರಾಕ್ಷಸರನ್ನು ಕೊಂದದ್ದಕ್ಕೆ ಯಾರೂ ಅಷ್ಟು ತಲೆ ಕೆಡಿಸಿಕೊಳ್ಳಲಿಲ್ಲ. ಮಷೀನ್ ತೆಗೆದೆವು, ಪೆಗಿ 7ಕ್ಕೆ ಇಳಿಯಿತು.

ತರಲೆತಮ್ಮ:
ರಾಕ್ಷಸರ ಸಂಘದಿಂದ ತೀವ್ರ ಖಂಡನೆ.

ಪಿಕ್ಸೆಲ್‌ಪುಟ್ಟ:
😄 ಆಸ್ಟ್ರೇಲಿಯಾದ್ದು ಇನ್ನೊಂದು ಇದೆ. 2013ರವರೆಗೆ ಅಲ್ಲಿ ಗೇಮ್‌ಗಳಿಗೆ 18ರ ವರ್ಗವೇ ಇರಲಿಲ್ಲ. ಸಿನಿಮಾಗೆ ಇತ್ತು. 15ಕ್ಕಿಂತ ಹೆಚ್ಚು ಅನ್ನಿಸಿದರೆ ನೇರ ನಿರಾಕರಣೆ, ಮಾರುವಂತಿಲ್ಲ. 2008ರಲ್ಲಿ 'ಫಾಲ್ಔಟ್ 3' ಗೇಮ್‌ಗೆ ಹೀಗಾಯಿತು. ಕಾರಣ ಅದರಲ್ಲಿದ್ದ ಮಾರ್ಫಿನ್, ನಿಜವಾದ ಮಾದಕವಸ್ತುವಿನ ಹೆಸರು. ಕಂಪನಿಯವರು ಅದನ್ನು 'ಮೆಡ್-ಎಕ್ಸ್' ಎಂದು ಬದಲಾಯಿಸಿದರು. ಜಗತ್ತಿನ ಎಲ್ಲ ಆವೃತ್ತಿಗೂ ಅದೇ ಹೆಸರು ಉಳಿಯಿತು. ಒಂದು ದೇಶದ ಬೋರ್ಡ್ ಬೇಡ ಎಂದದ್ದಕ್ಕೆ ಉಳಿದವರ ಗೇಮ್ ಕೂಡ ಬದಲಾಯಿತು.

ಜರ್ಮನಿಯಲ್ಲಿ ನಾಜಿ ಚಿಹ್ನೆ ಸಿನಿಮಾದಲ್ಲಿ ತೋರಿಸಬಹುದಿತ್ತು, ಗೇಮ್‌ನಲ್ಲಿ ಕಂಡರೆ ರೇಟಿಂಗ್ ಸಿಗುತ್ತಿರಲಿಲ್ಲ. ಸಿನಿಮಾ ಕಲೆ, ಗೇಮ್ ಆಟಿಕೆ ಎಂಬ ನೋಟ ಅದು. 2018ರಲ್ಲಿ ಬದಲಾಯಿತು, ಈಗ ಒಂದೊಂದನ್ನೂ ಬಿಡಿಬಿಡಿಯಾಗಿ ನೋಡುತ್ತಾರೆ.

ಸಾಲುದೀಪ:
ಗುಬ್ಬಿಗೂಡು ಅವರಿಗೆ ನನ್ನ ಸಲಹೆ: ಸಂಖ್ಯೆ ಬಿಡಿ, ಅದರ ಪಕ್ಕದಲ್ಲಿ ಬರೆದ ಕಾರಣ ಓದಿ. ನೆದರ್‌ಲ್ಯಾಂಡ್ಸ್‌ನ ಕೈಕ್‌ವೈಜರ್ ಎಂಬ ವ್ಯವಸ್ಥೆ ಇದರಲ್ಲಿ ಅಚ್ಚುಕಟ್ಟು. ವಯಸ್ಸಿನ ಜೊತೆ ಪುಟ್ಟ ಚಿತ್ರಗಳಿರುತ್ತವೆ. ಹಿಂಸೆಗೆ ಮುಷ್ಟಿ, ಭಯಕ್ಕೆ ಜೇಡ, ಹೀಗೆ. ಓದಲು ಬಾರದವರಿಗೂ ತಿಳಿಯುತ್ತದೆ. ಬಿಬಿಎಫ್‌ಸಿ ತನ್ನ ಜಾಲತಾಣದಲ್ಲಿ ಪ್ರತಿ ಸಿನಿಮಾಗೂ ಏನಿದೆ, ಎಷ್ಟಿದೆ ಎಂದು ಒಂದೆರಡು ಪ್ಯಾರಾ ಬರೆಯುತ್ತದೆ. ನಾನು ಗ್ರಂಥಾಲಯಕ್ಕೆ ಡಿಸ್ಕ್ ತರಿಸುವ ಮೊದಲು ಅದನ್ನೇ ಓದುವುದು.

ಮತ್ತೆ, ರೇಟಿಂಗ್ ಕೊಟ್ಟ ವರ್ಷವನ್ನೂ ನೋಡಿ. 1964ರ 'ಮೇರಿ ಪಾಪಿನ್ಸ್' ಬ್ರಿಟನ್ನಿನಲ್ಲಿ ಅಷ್ಟು ಕಾಲ ಯು ಆಗಿತ್ತು. ಥಿಯೇಟರ್‌ಗೆ ಮತ್ತೆ ತರಲು ಹೊಸದಾಗಿ ಸಲ್ಲಿಸಿದಾಗ, 2024ರಲ್ಲಿ ಪಿಜಿ ಆಯಿತು. ಆಫ್ರಿಕಾದ ಒಂದು ಜನಾಂಗವನ್ನು ಹೀಗಳೆಯುವ ಹಳೆಯ ಪದ ಅದರಲ್ಲಿ ಎರಡು ಸಲ ಬರುತ್ತದೆ. ಸಿನಿಮಾ ಅದೇ, ಕೇಳುವ ಕಿವಿ ಬದಲಾಗಿದೆ.

ನೇರನುಡಿ:
ಕಾರಣ ಓದಿ ಎನ್ನುವುದು ಒಳ್ಳೆಯ ಸಲಹೆ. ಆದರೆ ಓದುವವರು ಎಷ್ಟು ಜನ? ಈ ಚರ್ಚೆಗೆ ಬಂದ ಗುಬ್ಬಿಗೂಡು ಅಂಥವರು ಓದುತ್ತಾರೆ. ಓದದವರ ಮಕ್ಕಳಿಗೆ ಬಾಗಿಲೇ ಬೇಕು. ನನ್ನ ವಾದ ಅಲ್ಲಿಗೇ ನಿಲ್ಲುತ್ತದೆ.

ಸಾಲುದೀಪ:
ಅದನ್ನು ನಾನು ಅಲ್ಲಗಳೆಯುವುದಿಲ್ಲ ಸರ್. ನಮ್ಮ ಗ್ರಂಥಾಲಯಕ್ಕೆ ಬರುವ ಮಕ್ಕಳಲ್ಲಿ ಅರ್ಧ ಜನ ಒಬ್ಬೊಬ್ಬರೇ ಬರುತ್ತಾರೆ.

ಗುಬ್ಬಿಗೂಡು:
ಒಂದು ವಾರದ ನಂತರ ಬರೆಯುತ್ತಿದ್ದೇನೆ. ಎಲ್ಲರಿಗೂ ಥ್ಯಾಂಕ್ಸ್.

ಸಾಲುದೀಪ ಹೇಳಿದಂತೆ ಕಾರಣ ಓದಿದೆ. ಬೈಗುಳ ಎಂದಿತ್ತು. ಮಗನಿಗೆ ಮೊದಲೇ ಹೇಳಿದೆ: 'ಒಂದು ಕಡೆ ರಾಜ ಸಿಕ್ಕಾಪಟ್ಟೆ ಬೈತಾನೆ. ಯಾಕೆ ಬೈತಾನೆ ಅಂತ ನೋಡು.' ಆ ದೃಶ್ಯ ಬಂದಾಗ ಅವನು ನಕ್ಕದ್ದೇ ನಕ್ಕದ್ದು. ನಂತರ ಬಚ್ಚಲುಮನೆಯಲ್ಲಿ ಬಾಗಿಲು ಹಾಕಿಕೊಂಡು ಪ್ರಯೋಗ ಮಾಡಿದ. ಕೇಳಿಸಲಿಲ್ಲ ಎಂದು ಸುಮ್ಮನಿದ್ದೆ. ಒಂದು ಕಡೆಯೂ ಉಗ್ಗಲಿಲ್ಲ ಪುಣ್ಯಾತ್ಮ.

ಆದರೆ ಅವನಿಗೆ ಕಷ್ಟವಾದದ್ದು ಅದಲ್ಲ. ಸಿನಿಮಾದ ಶುರುವಿನಲ್ಲೇ 1925ರ ವೆಂಬ್ಲಿ ಮೈದಾನದ ದೃಶ್ಯ. ಇನ್ನೂ ರಾಜನಾಗಿರದ ಜಾರ್ಜ್ ಮೈಕಿನ ಮುಂದೆ ನಿಲ್ಲುತ್ತಾನೆ. ಮಾತು ಹೊರಡುವುದಿಲ್ಲ. ಸಾವಿರಾರು ಜನ ತಿರುಗಿ ನೋಡುತ್ತಾರೆ. ಅಲ್ಲಿ ನನ್ನ ಮಗ ದಿಂಬಿಗೆ ಮುಖ ಒತ್ತಿಕೊಂಡ. ನಿಲ್ಲಿಸಲಾ ಎಂದು ಕೇಳಿದೆ. ತಲೆ ಅಲ್ಲಾಡಿಸಿದ, ಬೇಡ ಎಂದು. ಮುಖ ಎತ್ತಲು ಸುಮಾರು ಹೊತ್ತು ಹಿಡಿಯಿತು.

ನಾನು ನೋಡಿದ ಮೂರು ದೇಶದ ಪಟ್ಟಿಯಲ್ಲೂ ಆ ದೃಶ್ಯದ ಬಗ್ಗೆ ಒಂದಕ್ಷರ ಇರಲಿಲ್ಲ.

ಕೀಲಿಮಣೆ:
ಪೂರ್ತಿ ನೋಡಿದನಾ ಅಕ್ಕಾ?

ಗುಬ್ಬಿಗೂಡು:
ನೋಡಿದ. ಮಾರನೇ ದಿನ ಕೊನೆಯ ರೇಡಿಯೋ ಭಾಷಣ ಮಾತ್ರ ಮತ್ತೆ ಹಾಕು ಎಂದ. ಆಮೇಲೆ ಹಿಂದಕ್ಕೆ ಸರಿಸಿ ವೆಂಬ್ಲಿಯನ್ನೂ ಹಾಕಿಸಿಕೊಂಡ. ಈ ಸಲ ದಿಂಬು ತಗೊಳ್ಳಲಿಲ್ಲ.